ಉಪ್ಪುಗಾಳಿಯ ಊರಿನ ಶಾಕ್ ಬೇಲಿ: ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು

ಮಳೆಗಾಲದಲ್ಲಿ ಕಂಪೌಂಡಿನ ಶಾಕ್ ಬೇಲಿಯ ಹೂಟರ್ ರಾತ್ರಿಯಿಡೀ ಕೂಗಿದರೆ ಹೆಚ್ಚಿನ ಮನೆಗಳಲ್ಲಿ ಮೊದಲು ಬೈಗುಳ ಬೀಳುವುದು ಬೇಲಿಗೆ ಬಿಟ್ಟು ಬಿಟ್ಟು ಕರೆಂಟಿನ ಏಟು (ಪಲ್ಸ್) ಕಳಿಸುವ ಮೆಷಿನ್‌ಗೆ. ಅಂಗಡಿಯಲ್ಲೂ ಅದೇ ಮಾತು: ‘ಇದು ಸಾಕಾಗುವುದಿಲ್ಲ, ಜಾಸ್ತಿ ಜೂಲ್‌ನದ್ದು ಹಾಕಿ’. ಜೂಲ್ ಎಂದರೆ ಒಂದೊಂದು ಪಲ್ಸಿನ ಶಕ್ತಿಯ ಅಳತೆ. ಆದರೆ ಮಂಗಳೂರು, ಉಡುಪಿಯ ಮನೆಬೇಲಿಗಳು ಕೆಡುವ ಕ್ರಮವೇ ಬೇರೆ. ಮೊದಲು ಜಾಯಿಂಟ್ ಹೋಗುತ್ತದೆ, ಆಮೇಲೆ ಇನ್ಸುಲೇಟರ್, ನಂತರ ಗೇಟಿನಡಿಯ ಕೇಬಲ್, ಅರ್ಥಿಂಗ್, ಬ್ಯಾಟರಿ. ಮೆಷಿನ್ ಸುಡುವುದು ಹೆಚ್ಚಾಗಿ ಸಿಡಿಲಿಗೆ. ಆದ್ದರಿಂದ ದುಡ್ಡು ಹಾಕುವುದಾದರೂ ಅದೇ ಕ್ರಮದಲ್ಲಿ ಹಾಕಬೇಕು. 2 ಜೂಲ್ ಮೆಷಿನನ್ನು 5 ಜೂಲಿಗೆ ಏರಿಸಿ ಹಳೆಯ ತುಕ್ಕು ತಂತಿಯನ್ನೇ ಉಳಿಸಿಕೊಂಡರೆ ಕಿಡಿ ದೊಡ್ಡದಾಗುತ್ತದೆ, ಬೇಲಿ ಸರಿಯಾಗುವುದಿಲ್ಲ.

ಅಂಗಡಿಗೆ ಹೋಗುವ ಮೊದಲು ಅಳತೆ

ಬೇಕಾದದ್ದು ಬೇಲಿಗೆಂದೇ ಮಾಡಿದ ಕಿಲೋವೋಲ್ಟ್ ಮೀಟರ್. ಮನೆಯ ಮಲ್ಟಿಮೀಟರನ್ನು ತಂತಿಗೆ ತಾಗಿಸಬೇಡಿ. ಅದು 600 ಅಥವಾ 1000 ವೋಲ್ಟಿಗೆ ಮಾಡಿದ್ದು, ಬೇಲಿಯ ಪಲ್ಸ್ 6ರಿಂದ 9 ಕಿಲೋವೋಲ್ಟ್. ಮೀಟರ್ ಹೋಗುತ್ತದೆ, ಕೈಗೂ ಹೊಡೆಯಬಹುದು.

ಕ್ರಮ ಹೀಗೆ. ಮೆಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಒಳಗಿನ ಬ್ಯಾಟರಿಯ ವೈರನ್ನೂ ಬಿಡಿಸಿ. ಟಿಕ್ ಟಿಕ್ ಪೂರ್ತಿ ನಿಲ್ಲಲಿ. ಬೇಲಿಗೆ ಹೋಗುವ ತಂತಿ ಮತ್ತು ಬೇಲಿಯಿಂದ ಮರಳಿ ಬರುವ ತಂತಿ ಎರಡನ್ನೂ ಬಿಚ್ಚಿ, ಅರ್ಥ್ ಮಾತ್ರ ಇರಲಿ. ಮತ್ತೆ ಆನ್ ಮಾಡಿ ಔಟ್‌ಪುಟ್ ಟರ್ಮಿನಲ್ ಮತ್ತು ಅರ್ಥ್ ನಡುವೆ ಅಳೆಯಿರಿ. ಮರಳುವ ತಂತಿ ಇಲ್ಲದ್ದರಿಂದ ಹೂಟರ್ ಕೂಗುತ್ತದೆ, ಅದರ ವೈರನ್ನು ತಾತ್ಕಾಲಿಕವಾಗಿ ತೆಗೆದಿಡಿ. 7 ಕಿಲೋವೋಲ್ಟಿನ ಮೇಲೆ ಬಂದರೆ ಮೆಷಿನ್ ಚೆನ್ನಾಗಿದೆ, ಅದರ ಮಾತು ಅಲ್ಲಿಗೆ ಬಿಟ್ಟುಬಿಡಿ. ನಂತರ ಪ್ರತಿ ಸಲ ಆಫ್ ಮಾಡಿಕೊಂಡೇ ಒಂದೊಂದಾಗಿ ಸೇರಿಸುತ್ತ ಹೋಗಿ: ಮೊದಲು ಬೇಲಿಗೆ ಹೋಗುವ ಎಚ್‌ಟಿ (ಹೈ ಟೆನ್ಶನ್) ಕೇಬಲ್ ಮಾತ್ರ, ಆಚೆ ತುದಿ ಗಾಳಿಯಲ್ಲಿ, ಆಮೇಲೆ ಸಿಡಿಲು ಅರೆಸ್ಟರ್ (ಸಿಡಿಲಿನ ಏಟನ್ನು ನೆಲಕ್ಕೆ ಹರಿಸುವ ಸಾಧನ), ಆಮೇಲೆ ಬೇಲಿಯ ಅರ್ಧ ಭಾಗ, ಕೊನೆಗೆ ಪೂರ್ತಿ ಬೇಲಿ. ಯಾವುದನ್ನು ಸೇರಿಸಿದಾಗ ವೋಲ್ಟೇಜ್ ಕುಸಿಯಿತೋ ಕಳ್ಳ ಅಲ್ಲೇ ಇದ್ದಾನೆ.

ಹೊರಗೆ ಹೋಗುವ ವೋಲ್ಟೇಜ್ ಸರಿಯಿದ್ದು ಮರಳುವುದು ಸೊನ್ನೆಯಾದರೆ ತಂತಿ ಎಲ್ಲೋ ತುಂಡಾಗಿದೆ. ಎರಡೂ ಒಟ್ಟಿಗೆ ಇಳಿದಿದ್ದರೆ ಸೋರಿಕೆ. ಎರಡೂ ಚೆನ್ನಾಗಿದ್ದು, ನೆಲದಲ್ಲಿ ಊರಿದ ಕಬ್ಬಿಣದ ಸರಳಿಗೆ ಲೈವ್ ತಂತಿಯನ್ನು ತಾಗಿಸಿದರೂ ವೋಲ್ಟೇಜ್ ಅಲ್ಲಾಡದಿದ್ದರೆ ಅರ್ಥಿಂಗ್ ಸತ್ತಿದೆ ಎಂದರ್ಥ. ಈ ಮೂರನೆಯದು ಮೋಸದ್ದು, ಡಿಸ್‌ಪ್ಲೇ ನೋಡಿದವರಿಗೆ ಬೇಲಿ ಪರಿಪೂರ್ಣವಾಗಿ ಕಾಣುತ್ತದೆ.

ಸೋರಿಕೆಯ ಜಾಗ ಹುಡುಕಲು ರಾತ್ರಿ ಅಂಗಳದ ಲೈಟ್ ಆರಿಸಿ ಬೇಲಿಯ ಉದ್ದಕ್ಕೂ ನಡೆಯಿರಿ. ನೀಲಿ ಕಿಡಿ ಕಾಣುತ್ತದೆ, ಇಲ್ಲವೇ ಚಟಚಟ ಕೇಳುತ್ತದೆ. ಮಳೆಯ ಸದ್ದಿನಲ್ಲಿ ಕೇಳದಿದ್ದರೆ ಹಳೆಯ ಟ್ರಾನ್ಸಿಸ್ಟರ್ ರೇಡಿಯೊವನ್ನು ಎಎಂ ಬ್ಯಾಂಡಿನಲ್ಲಿ ಸ್ಟೇಶನ್ ಇಲ್ಲದ ಕಡೆ ಇಟ್ಟು ಹಿಡಿದುಕೊಂಡು ಹೋಗಿ. ಕಿಡಿ ಹಾರುವ ಜಾಗ ಬಂದಂತೆ ಟಕ್ ಟಕ್ ಜೋರಾಗುತ್ತದೆ. ಹಗಲು ನೋಡುವಾಗ ಮೊದಲು ಕಣ್ಣು ಹಾಯಿಸಬೇಕಾದದ್ದು: ತಂತಿಯ ಮೇಲೆ ಬಿದ್ದ ತೆಂಗಿನ ಮಡಲು, ಹತ್ತಿದ ತೊಂಡೆ ಅಥವಾ ಬಸಳೆ ಬಳ್ಳಿ, ಇನ್ಸುಲೇಟರಿಗೆ ಅಂಟಿದ ಬಸವನಹುಳು, ಸತ್ತು ಒಣಗಿದ ಹಲ್ಲಿ. ಇಂಟರ್ನೆಟ್‌ನವರು ಎಳೆದ ಫೈಬರ್ ವೈರನ್ನೂ ನೋಡಿ. ಒಳಗೆ ಗಾಜಿನ ಎಳೆ ಎಂದು ಸುಮ್ಮನಿರುವಂತಿಲ್ಲ, ಭಾರ ಹೊರಲು ಅದರಲ್ಲಿ ಹೆಚ್ಚಾಗಿ ಉಕ್ಕಿನ ತಂತಿಯೂ ಇರುತ್ತದೆ. ಅದು ಬೇಲಿಗೆ ಉಜ್ಜಿ ಸಿಪ್ಪೆ ಹೋದರೆ ಕರೆಂಟ್ ನೇರ ಮನೆಯೊಳಗಿನ ಇಂಟರ್ನೆಟ್ ಪೆಟ್ಟಿಗೆಯತ್ತ ಹೊರಡುತ್ತದೆ.

ತಂತಿ: ಜಿಐ, ಅಲ್ಯೂಮಿನಿಯಂ, ಸ್ಟೀಲ್

ಇಲ್ಲಿ ಉತ್ತರ ನಿಮ್ಮ ಮನೆ ಸಮುದ್ರದಿಂದ ಎಷ್ಟು ದೂರ ಎಂಬುದರ ಮೇಲೆ ನಿಂತಿದೆ. ಉಳ್ಳಾಲ, ಪಣಂಬೂರು, ಕಾಪು, ಮಲ್ಪೆಯಲ್ಲಿ ಅಲೆ ಒಡೆಯುವ ದಡದ ಹತ್ತಿರದ ಮನೆಗೂ ಕಾರ್ಕಳ, ಪುತ್ತೂರಿನ ಮನೆಗೂ ಒಂದೇ ಸಲಹೆ ಕೊಡುವವರನ್ನು ನಂಬಬೇಡಿ.

ಜಿಐ (ಸತು ಲೇಪಿಸಿದ ಕಬ್ಬಿಣ) ತಂತಿಯನ್ನು ಕಾಯುವುದು ಅದರ ಮೇಲಿನ ಸತುವಿನ ಪದರ. ಸತು ಎಷ್ಟು ಬೇಗ ಸವೆಯುತ್ತದೆ ಎಂಬುದಕ್ಕೆ ಐಎಸ್‌ಒ 9223 ಮಾನಕದಲ್ಲಿ ಲೆಕ್ಕವಿದೆ: ಉಪ್ಪು ಹೆಚ್ಚಿರುವ ಸಿ5 ವರ್ಗದ ಜಾಗದಲ್ಲಿ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್, ಸಾಧಾರಣವಾದ ಸಿ3 ವರ್ಗದಲ್ಲಿ 0.7ರಿಂದ 2.1 ಮೈಕ್ರಾನ್. ಚದರ ಮೀಟರಿಗೆ 250 ಗ್ರಾಂ ಸತು ಇರುವ ಹೆವಿ ಕೋಟಿಂಗ್ ತಂತಿಯ ಪದರ ಸುಮಾರು 35 ಮೈಕ್ರಾನ್. ಹಾಗಾದರೆ ಕಡಲ ದಡದಲ್ಲಿ ಅದು ನಾಲ್ಕರಿಂದ ಎಂಟು ವರ್ಷ, ಒಳನಾಡಿನಲ್ಲಿ ಹದಿನೈದರ ಮೇಲೆ. ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ತೆಳು ಕೋಟಿಂಗಿನ, ಫಳಫಳ ಹೊಳೆಯುವ ತಂತಿಯಲ್ಲಿ 5ರಿಂದ 10 ಮೈಕ್ರಾನ್ ಇದ್ದರೆ ದಡದಲ್ಲಿ ಎರಡನೇ ಮಳೆಗಾಲಕ್ಕೇ ಕೆಂಪಾಗುತ್ತದೆ. ಜಿಐ ಕೊಳ್ಳುವುದಾದರೆ ಹಾಟ್ ಡಿಪ್ (ಕರಗಿದ ಸತುವಿನಲ್ಲಿ ಅದ್ದಿದ್ದು) ಎಂದು ಕೇಳಿದರೆ ಸಾಲದು, ಚದರ ಮೀಟರಿಗೆ ಎಷ್ಟು ಗ್ರಾಂ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಅಲ್ಯೂಮಿನಿಯಂ ಅಲಾಯ್ ತಂತಿ ಹಗುರ, ತುಕ್ಕು ಹಿಡಿಯುವುದಿಲ್ಲ, ಕರೆಂಟ್ ಚೆನ್ನಾಗಿ ಹರಿಸುತ್ತದೆ. ದೋಷ ಎರಡು. ಒಂದು, ಮೆದು: ಮಡಲು ಬಿದ್ದರೆ ಎಳೆದುಕೊಂಡು ಜೋತು ಬೀಳುತ್ತದೆ, ಗಾಳಿಗೆ ಅಲ್ಲಾಡಿ ಅಲ್ಲಾಡಿ ಇನ್ಸುಲೇಟರಿನ ಬಾಯಲ್ಲೇ ಮುರಿಯುತ್ತದೆ. ಇನ್ನೊಂದು, ಸುಣ್ಣ ಮತ್ತು ಹಸಿ ಸಿಮೆಂಟಿಗೆ ಆಗುವುದಿಲ್ಲ. ದೀಪಾವಳಿಗೆ ಕಂಪೌಂಡಿಗೆ ಸುಣ್ಣ ಬಳಿಯುವಾಗ ಚಿಮ್ಮಿದ ಹನಿ ಒಣಗಿ ಅಂಟಿಕೊಂಡ ಜಾಗದಲ್ಲಿ ತಂತಿ ಗುಳಿ ಬೀಳುತ್ತದೆ. ಬಳಿಯುವ ಮೊದಲು ತಂತಿಗೆ ಪ್ಲಾಸ್ಟಿಕ್ ಸುತ್ತಿ, ಚಿಮ್ಮಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಮೆಷಿನ್ ಅಷ್ಟು ದಿನ ಬಂದ್ ಇರಲಿ.

ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ 304 ಮತ್ತು 316 ಎಂದು ಎರಡು ಬಗೆ ಮುಖ್ಯ. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಇದೆ, ಉಪ್ಪನ್ನು ತಡೆಯುವುದು ಅದೇ. 304 ಕಡಲ ಬದಿಯಲ್ಲಿ ಚಹಾದ ಕಲೆಯಂಥ ಕಂದು ಬಣ್ಣ ಹಿಡಿಯುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಬೇಗ ಮುರಿದು ಬೀಳುವುದೂ ಇಲ್ಲ. ಅಯಸ್ಕಾಂತ ಹಿಡಿದು ‘ಇದು ನಕಲಿ’ ಎನ್ನುವವರಿದ್ದಾರೆ. ಎಳೆದು ತೆಗೆದ 304 ತಂತಿಗೂ ಅಯಸ್ಕಾಂತ ಅಲ್ಪಸ್ವಲ್ಪ ಅಂಟುತ್ತದೆ, ಆದ್ದರಿಂದ ಆ ಪರೀಕ್ಷೆಯಿಂದ ಏನೂ ತೀರ್ಮಾನವಾಗದು. ಮಾಲಿಬ್ಡಿನಂ ಪತ್ತೆ ಮಾಡುವ ಟೆಸ್ಟ್ ದ್ರಾವಣ ಅಥವಾ ತಯಾರಕರ ಟೆಸ್ಟ್ ಸರ್ಟಿಫಿಕೇಟ್ ಇದ್ದರೆ ಮಾತ್ರ 316 ಎಂದು ಒಪ್ಪಿ.

ಸ್ಟೀಲ್ ತಂತಿ ಕರೆಂಟ್ ಸರಿಯಾಗಿ ಹರಿಸುವುದಿಲ್ಲ ಎಂಬ ಮಾತು ಎಷ್ಟು ನಿಜ? 1.6 ಮಿಲಿಮೀಟರ್ ಸ್ಟೇನ್‌ಲೆಸ್ ತಂತಿಗೆ ಕಿಲೋಮೀಟರಿಗೆ ಸುಮಾರು 360 ಓಂ, ಅದೇ ದಪ್ಪದ ಜಿಐಗೆ 80–90 ಓಂ, 2 ಮಿಲಿಮೀಟರ್ ಅಲ್ಯೂಮಿನಿಯಂಗೆ ಸುಮಾರು 10. ಹತ್ತಾರು ಎಕರೆಯ ತೋಟದ ಬೇಲಿಯಲ್ಲಿ ಇದು ದೊಡ್ಡ ವ್ಯತ್ಯಾಸವೇ. ಮನೆಯ ಕಂಪೌಂಡ್ ಸುತ್ತಳತೆ 60 ಮೀಟರ್, ತಂತಿ ಆರು ಸಾಲು ಎಂದಿಟ್ಟುಕೊಳ್ಳಿ. ಒಟ್ಟು 360 ಮೀಟರ್, ಸ್ಟೀಲ್ ಆದರೂ ಸುಮಾರು 130 ಓಂ. ಬೇಲಿ ಒಣಗಿದ್ದಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಒದ್ದೆ ಸೋರಿಕೆ ಇದ್ದಾಗ ಮರಳುವ ವೋಲ್ಟೇಜ್ ಸ್ವಲ್ಪ ಕಡಿಮೆ ಕಾಣುತ್ತದೆ, ಅಷ್ಟೇ.

ಹಾಗಾಗಿ ನಮ್ಮ ತೀರ್ಮಾನ ಹೀಗಿದೆ: ಅಲೆಯ ಸದ್ದು ಕೇಳುವಷ್ಟು ಹತ್ತಿರವಾದರೆ 316 ಸ್ಟೀಲ್, ಬೇರೆ ಯೋಚನೆ ಬೇಡ. ಕದ್ರಿ, ಮಣಿಪಾಲದಂಥ ಕಡೆ ಹೆವಿ ಕೋಟಿಂಗ್ ಜಿಐ ಅಥವಾ ಅಲ್ಯೂಮಿನಿಯಂ. ತೆಂಗಿನ ಮರಗಳು ಬೇಲಿಯ ಮೇಲೆ ಬಾಗಿದ್ದರೆ ಜಿಐ, ಇಲ್ಲದಿದ್ದರೆ ಅಲ್ಯೂಮಿನಿಯಂ. ಬೆಳ್ತಂಗಡಿ, ಹೆಬ್ರಿ ಕಡೆಯವರು ಒಳ್ಳೆಯ ಜಿಐ ಹಾಕಿ ಉಳಿದ ದುಡ್ಡನ್ನು ಸಿಡಿಲು ರಕ್ಷಣೆಗೆ ಇಡಲಿ.

ಕ್ಲಾಂಪ್ ಒಂದೇ ಲೋಹದ್ದಿರಲಿ

ಕರಾವಳಿಯಲ್ಲಿ ಅತಿ ಹೆಚ್ಚು ಬೇಲಿಗಳನ್ನು ಕೊಂದದ್ದು ಈ ಸಣ್ಣ ತಪ್ಪು. ದುಬಾರಿ ಸ್ಟೀಲ್ ತಂತಿ ಹಾಕಿ ಕ್ಲಾಂಪ್ ಮತ್ತು ಸ್ಪ್ರಿಂಗ್ ಮಾತ್ರ ಜಿಐಯದ್ದು ಹಾಕುತ್ತಾರೆ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಬಿದ್ದರೆ ಅಲ್ಲಿ ಪುಟ್ಟ ಬ್ಯಾಟರಿಯೇ ತಯಾರಾಗುತ್ತದೆ, ಸತುವು ಕರಗಿ ಹೋಗುತ್ತದೆ. ಇಲ್ಲಿ ಸ್ಟೀಲಿನ ಮೈ ದೊಡ್ಡದು, ಕ್ಲಾಂಪಿನದ್ದು ಚಿಕ್ಕದು. ಆದ್ದರಿಂದ ಸವೆತವೆಲ್ಲ ಆ ಚಿಕ್ಕ ಕ್ಲಾಂಪಿನ ತಲೆಗೆ. ಮೊದಲು ಬಿಳಿ ಹುಡಿ, ಆಮೇಲೆ ಕೆಂಪು ತುಕ್ಕು, ಆಮೇಲೆ ಬೋಲ್ಟ್ ಬಿಗಿಯಾಗಿಯೇ ಇದ್ದರೂ ಒಳಗೆ ಸಂಪರ್ಕವಿಲ್ಲ. ಆ ಬಿರುಕಿನಲ್ಲಿ ಪ್ರತಿ ಪಲ್ಸಿಗೂ ಕಿಡಿ ಹಾರಿ ಜಾಗ ಕಪ್ಪಾಗುತ್ತದೆ.

ಸ್ಟೀಲ್ ತಂತಿಗೆ ಸ್ಟೀಲ್ ಕ್ಲಾಂಪ್, ಸ್ಟೀಲ್ ಸ್ಪ್ರಿಂಗ್. ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ, ಸಿಗದಿದ್ದರೆ ಜಿಐ ನಡೆಯುತ್ತದೆ, ಸತು ಮತ್ತು ಅಲ್ಯೂಮಿನಿಯಂಗೆ ಅಷ್ಟು ಜಗಳವಿಲ್ಲ. ತಾಮ್ರದ ಲಗ್ಗು, ತಾಮ್ರದ ವೈರನ್ನು ಅಲ್ಯೂಮಿನಿಯಂ ಅಥವಾ ಜಿಐ ತಂತಿಗೆ ಸುತ್ತಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಎಚ್‌ಟಿ ಕೇಬಲಿನ ಒಳತಂತಿ ಸಾಮಾನ್ಯವಾಗಿ ಜಿಐ ಅಥವಾ ಅಲ್ಯೂಮಿನಿಯಂ. ಸ್ಟೀಲ್ ಬೇಲಿಗೆ ಅದನ್ನು ಸೇರಿಸುವ ಜಾಗದಲ್ಲಿ ಲೋಹ ಬದಲಾಗುವುದು ತಪ್ಪುವುದಿಲ್ಲ. ಆ ಜಾಯಿಂಟಿಗೆ ಗ್ರೀಸ್ ಹಚ್ಚಿ, ನೀರು ಹೋಗದಂತೆ ಮುಚ್ಚಿ, ವರ್ಷಕ್ಕೊಮ್ಮೆ ಬಿಚ್ಚಿ ನೋಡಿ. ತುಂಡಾದ ತಂತಿಯನ್ನು ಗಂಟು ಹಾಕಿ ಜೋಡಿಸುವ ಅಭ್ಯಾಸ ಬೇಡ. ಗಂಟಿನಲ್ಲಿ ಸತುವಿನ ಪದರ ಬಿರುಕು ಬಿಡುತ್ತದೆ, ತುಕ್ಕು ಅಲ್ಲಿಂದಲೇ ಶುರು.

ಇದೇ ಕಾರಣಕ್ಕೆ ಆರು ಸಾಲಿನಲ್ಲಿ ಕೆಳಗಿನ ಎರಡು ಹಾಳಾದರೆ ಆ ಎರಡನ್ನು ಮಾತ್ರ ಬೇರೆ ಲೋಹಕ್ಕೆ ಬದಲಿಸಬೇಡಿ. ಅದೇ ಲೋಹ ಹಾಕಿ, ಇಲ್ಲವೇ ಆರೂ ತೆಗೆಯಿರಿ.

ಇನ್ಸುಲೇಟರ್ ಮತ್ತು ಕಂಬ

ಕಪ್ಪು ಪ್ಲಾಸ್ಟಿಕ್ಕಿನಲ್ಲೂ ಒಳ್ಳೆಯದು, ಕೆಟ್ಟದ್ದು ಇದೆ. ಬಿಸಿಲಿಗೆ ತಡೆಯಲೆಂದು ಹದವಾಗಿ ಕಾರ್ಬನ್ ಸೇರಿಸಿದ ಹೊಸ ಎಚ್‌ಡಿಪಿಇ ಅಥವಾ ನೈಲಾನ್ ಚೆನ್ನಾಗಿ ಬಾಳುತ್ತದೆ. ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದು ಉಗುರಿಗೆ ಹುಡಿ ಬಿಡುತ್ತದೆ, ಮೂರು ಬೇಸಿಗೆಯಲ್ಲಿ ಸೀಳುತ್ತದೆ. ಸೀಳಿನಲ್ಲಿ ನೀರು ನಿಂತರೆ ಕರೆಂಟ್ ಹರಿದು ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡಿದ ಇನ್ಸುಲೇಟರನ್ನು ತೊಳೆದು ಉಪಯೋಗವಿಲ್ಲ, ಅದು ಇದ್ದಿಲಾಗಿದೆ, ಬದಲಿಸಲೇಬೇಕು. ಪಿಂಗಾಣಿ ಬಿಸಿಲಿಗೆ ಜಗ್ಗುವುದಿಲ್ಲ, ಆದರೆ ಭಾರ, ಮತ್ತು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಹೊರಗಿನಿಂದ ಕಾಣದು. ಮನೆಬೇಲಿಗೆ ಒಳ್ಳೆಯ ನೈಲಾನೇ ಸಾಕು. ಲೈವ್ ಭಾಗದಿಂದ ಕಂಬದವರೆಗೆ ಮೈಮೇಲೆ ಹರಿಯುವ ದಾರಿ ಎಷ್ಟು ಉದ್ದವೋ ಅಷ್ಟು ಒಳ್ಳೆಯದು, ಆದ್ದರಿಂದ ಬಳೆಬಳೆಯಾಗಿ ಅಂಚಿರುವುದನ್ನು ಆರಿಸಿ.

ಕಡಲ ಬದಿಯವರು ಗಮನಿಸಬೇಕಾದ ಒಂದು ಸಂಗತಿಯಿದೆ. ಅಲ್ಲಿ ಹೂಟರ್ ಹೆಚ್ಚು ಕಾಡುವುದು ಆಟಿಯ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಅಲ್ಲ, ಡಿಸೆಂಬರಿನಿಂದ ಮಾರ್ಚ್‌ವರೆಗಿನ ಇಬ್ಬನಿಯ ಬೆಳಗ್ಗೆ. ಮಳೆಯಿಲ್ಲದ ತಿಂಗಳುಗಳಲ್ಲಿ ಇನ್ಸುಲೇಟರ್ ಮೇಲೆ ಉಪ್ಪು ಪದರಗಟ್ಟುತ್ತದೆ. ಇಬ್ಬನಿ ಅದನ್ನು ಒದ್ದೆ ಮಾಡಿದರೆ ಸಾಕು, ಕರೆಂಟ್ ಸೋರುತ್ತದೆ. ಜೋರು ಮಳೆ ಆ ಉಪ್ಪನ್ನು ತೊಳೆದುಬಿಡುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಮೆಷಿನ್ ಬಂದ್ ಮಾಡಿ ಸಿಹಿನೀರಿನಲ್ಲಿ ಇನ್ಸುಲೇಟರುಗಳನ್ನು ತೊಳೆದು ಬಟ್ಟೆಯಲ್ಲಿ ಒರೆಸಿ. ಬಾವಿನೀರು ಉಪ್ಪಾಗಿದ್ದರೆ ಅದನ್ನು ಬಳಸಬೇಡಿ. ಡೀಸೆಲ್, ಪೇಂಟ್ ಹಚ್ಚುವುದೂ ಬೇಡ.

ಕಂಬದ ವಿಷಯದಲ್ಲಿ ನಮ್ಮ ಊರಿನ ತೊಡಕು ಕೆಂಪುಕಲ್ಲು. ಆರು ತಂತಿ, ಒಂದೊಂದಕ್ಕೆ 15 ಕಿಲೋ ಬಿಗಿತ ಎಂದರೂ ಮೂಲೆಯ ಕಂಬಕ್ಕೆ 90 ಕಿಲೋ ಎಳೆತ. ಕೆಂಪುಕಲ್ಲಿಗೆ ನೇರ ಎಕ್ಸ್‌ಪಾನ್ಶನ್ ಬೋಲ್ಟ್ ಹೊಡೆದರೆ ಕಲ್ಲು ಒಳಗೊಳಗೇ ಒಡೆದು ಮಳೆಗಾಲದಲ್ಲಿ ಬೋಲ್ಟ್ ಸಡಿಲಾಗುತ್ತದೆ, ಕಂಬ ವಾಲುತ್ತದೆ, ತಂತಿ ಜೋತು ಒಂದಕ್ಕೊಂದು ತಾಗುತ್ತದೆ. ಗೋಡೆಯ ಮೇಲೆ ಕಾಂಕ್ರೀಟ್ ಬೆಲ್ಟ್ ಇದ್ದರೆ ಅದಕ್ಕೇ ಕಚ್ಚಿಸಿ. ಇಲ್ಲದಿದ್ದರೆ ಕಲ್ಲಿನಲ್ಲಿ ತೂತು ಕೊರೆದು, ಹುಡಿ ಊದಿ ತೆಗೆದು, ಕೆಮಿಕಲ್ ಆಂಕರ್ ತುಂಬಿ ಸ್ಟಡ್ ಕೂರಿಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಅಲ್ಲಾಡಿಸದೆ ಬಿಡಿ. ನಡುವಿನ ಕಂಬಗಳಿಗೆ ಇಷ್ಟು ಕಷ್ಟವಿಲ್ಲ, ಅವು ಎಳೆತ ಹೊರುವುದಿಲ್ಲ. ಎರಡೂವರೆಯಿಂದ ಮೂರು ಮೀಟರಿಗೊಂದು ಸಾಕು.

ಗೇಟಿನಡಿಯ ಕೇಬಲ್

ಇದರಲ್ಲಿ ಆಯ್ಕೆಯೇ ಇಲ್ಲ ಎನ್ನಬಹುದು. ಮನೆ ವೈರಿಂಗಿನ ವೈರ್ ಮೇಲೆ 1100 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಅದರೊಳಗೆ 8000 ವೋಲ್ಟ್ ಕಳಿಸಿದರೆ ಮೊದಲ ಮಳೆಗಾಲದಲ್ಲೇ ನೆಲಕ್ಕೆ ತೂತು ಕೊರೆದುಕೊಳ್ಳುತ್ತದೆ. ಡಬಲ್ ಇನ್ಸುಲೇಶನ್ ಇರುವ ಬೇಲಿಯ ಎಚ್‌ಟಿ ಕೇಬಲ್ಲೇ ಬೇಕು, ಅದೂ ಪೈಪಿನೊಳಗೆ. ಪೈಪಿನ ಎರಡೂ ಬಾಯಿಯನ್ನು ಕೊಕ್ಕೆಯಂತೆ ಕೆಳಮುಖ ಬಗ್ಗಿಸಿ, ಇಲ್ಲದಿದ್ದರೆ ಜೂನ್‌ನಲ್ಲಿ ನೀರು ತುಂಬಿ ನಿಲ್ಲುತ್ತದೆ. ಹೋಗುವ ಕೇಬಲಿಗೂ ಮರಳುವ ಕೇಬಲಿಗೂ ಬೇರೆ ಬೇರೆ ಪೈಪ್ ಒಳ್ಳೆಯದು. ನೆಲದಡಿಯಲ್ಲಿ ಜಾಯಿಂಟ್ ಬೇಡವೇ ಬೇಡ. ಕೇಬಲ್ ಕೆಟ್ಟರೆ ತುಂಡು ಸೇರಿಸದೆ ಪೂರ್ತಿ ಎಳೆದು ಹೊಸದು ಹಾಕಿ.

ಅರ್ಥಿಂಗ್: ಸರಳು, ಪಟ್ಟಿ ಅಥವಾ ಅರ್ಥ್ ತಂತಿ

ಪುಸ್ತಕದ ಮಾತು ಸುಲಭ: 1.5ರಿಂದ 1.8 ಮೀಟರಿನ ಮೂರು ಸರಳು, ಒಂದಕ್ಕೊಂದು 3 ಮೀಟರ್ ದೂರ, ಎಲ್ಲವನ್ನೂ ಒಂದೇ ತಂತಿಯಲ್ಲಿ ಸೇರಿಸಿ. ಮಲ್ಪೆ, ಉಳ್ಳಾಲದ ಹೊಯಿಗೆಯಲ್ಲಿ ಇದು ಆಗುತ್ತದೆ. ಗುಡ್ಡದ ಮೇಲಿನ ಮನೆಯಲ್ಲಿ ಎರಡು ಅಡಿ ಇಳಿಯುವಷ್ಟರಲ್ಲಿ ಸರಳು ಕೆಂಪುಕಲ್ಲಿನ ಹಾಸಿಗೆ ತಾಗಿ ನಿಲ್ಲುತ್ತದೆ. ಆಗ ಕೆಲಸದವರು ಉಳಿದ ತುಂಡನ್ನು ಕತ್ತರಿಸಿ ಮಣ್ಣು ಮುಚ್ಚಿ ಹೋಗುವುದುಂಟು. ಏಪ್ರಿಲ್, ಮೇ ಬಂದಾಗ ಆ ಮೇಲ್ಮಣ್ಣು ಒಣಗಿ ಅರ್ಥ್ ಇದ್ದೂ ಇಲ್ಲದಂತಾಗುತ್ತದೆ.

ಅಂಥ ಕಡೆ ಸರಳಿನ ಹಟ ಬಿಟ್ಟು ಪಟ್ಟಿ ಹಾಸಿ. 60 ಸೆಂಟಿಮೀಟರ್ ಆಳದ, 5–6 ಮೀಟರ್ ಉದ್ದದ ಚರಂಡಿ ತೋಡಿ ಜಿಐ ಪಟ್ಟಿ ಮಲಗಿಸಿ, ಸುತ್ತ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಯ ಹುಡಿಯನ್ನು ನೀರಿನಲ್ಲಿ ಕಲಸಿ ತುಂಬಿ, ಮೇಲೆ ತೋಟದ ಮಣ್ಣು. ಜಾಗ ಆರಿಸುವಾಗ ಬಾವಿಕಟ್ಟೆಯ ನೀರು ಹರಿಯುವ ಕಡೆ, ಬಾಳೆ ಬುಡ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನೋಡಿ. ವರ್ಷವಿಡೀ ತೇವ ಇರುವ ಅರ್ಧ ಮೀಟರ್ ಮಣ್ಣು ಒಣ ಗುಡ್ಡದ ಎರಡು ಮೀಟರಿಗಿಂತ ಮೇಲು. ಇದ್ದಿಲು ಮತ್ತು ಉಪ್ಪು ತುಂಬುವ ಹಳೆಯ ಕ್ರಮ ತಕ್ಷಣಕ್ಕೆ ಅಂಕಿ ಚೆನ್ನಾಗಿ ತೋರಿಸುತ್ತದೆ. ಆದರೆ ಉಪ್ಪು ಜಿಐಯನ್ನು ತಿನ್ನುತ್ತದೆ, ಜೂನ್ ಮಳೆ ಉಪ್ಪನ್ನು ಕೊಚ್ಚಿಕೊಂಡು ಹೋಗುತ್ತದೆ. ಕೆಲವು ವರ್ಷದಲ್ಲಿ ಉಪ್ಪೂ ಇಲ್ಲ, ಪೈಪೂ ಇಲ್ಲ.

ಪರೀಕ್ಷೆ ಹೀಗೆ: ಮೆಷಿನ್ ಬಂದ್ ಮಾಡಿ, ಬೇಲಿಯ ದೂರದ ತುದಿಯಲ್ಲಿ ಲೈವ್ ತಂತಿಯನ್ನು ನೆಲಕ್ಕೆ ಹೊಡೆದ ಕಬ್ಬಿಣದ ಸರಳಿಗೆ ಕ್ಲಿಪ್ ಹಾಕಿ ಜೋಡಿಸಿ, ಆನ್ ಮಾಡಿ. ಬೇಲಿಯ ವೋಲ್ಟೇಜ್ 2 ಕಿಲೋವೋಲ್ಟ್ ಅಥವಾ ಅದಕ್ಕಿಂತ ಕೆಳಗೆ ಇಳಿಯಬೇಕು. ಈಗ ಮೆಷಿನಿನ ಅರ್ಥ್ ಸರಳು ಮತ್ತು ಅದರಿಂದ ಒಂದು ಮೀಟರ್ ದೂರ ನೆಲಕ್ಕೆ ಚುಚ್ಚಿದ ಮೀಟರಿನ ಮೊಳೆಯ ನಡುವೆ ಅಳೆಯಿರಿ. 0.3 ಕಿಲೋವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ದುರ್ಬಲ, ಇನ್ನೊಂದು ಸರಳು ಅಥವಾ ಪಟ್ಟಿ ಸೇರಿಸಿ. ಅರ್ಥ್ ಬುಡಕ್ಕೆ ಎರಡು ಕೊಡ ನೀರು ಸುರಿದ ಮೇಲೆ ಅಂಕಿ ತಟ್ಟನೆ ಇಳಿದರೆ ರೋಗ ಗೊತ್ತಾದಂತೆಯೇ. ಪರೀಕ್ಷೆಯನ್ನು ಮೇ ತಿಂಗಳಲ್ಲಿ ಮಾಡಿ, ಜುಲೈಯಲ್ಲಿ ಎಲ್ಲ ಅರ್ಥಿಂಗೂ ಪಾಸ್ ಆಗುತ್ತದೆ.

ಗೋಡೆಯ ಮೇಲಿನ ಬೇಲಿಗೆ ಇನ್ನೊಂದು ದಾರಿಯೂ ಇದೆ: ಲೈವ್ ಒಂದು ಸಾಲು, ಅರ್ಥ್ ಒಂದು ಸಾಲು ಎಂದು ಬಿಟ್ಟು ಬಿಟ್ಟು ಎಳೆಯುವುದು. ಒಣ ಗೋಡೆ ಹತ್ತಿದವನ ಕಾಲು ನೆಲಕ್ಕೆ ತಾಗದಿದ್ದರೂ ಎರಡು ತಂತಿಯನ್ನು ಒಟ್ಟಿಗೆ ಹಿಡಿದಾಗ ಶಾಕ್ ಹೊಡೆಯುತ್ತದೆ, ತಂತಿ ಬಗ್ಗಿಸಿದರೆ ಒಂದಕ್ಕೊಂದು ತಾಗಿ ಹೂಟರ್ ಕೂಗುತ್ತದೆ. ಕೆಂಪುಕಲ್ಲಿನ ಗುಡ್ಡದ ಮನೆಗಳಿಗೆ ಇದೇ ಸೂಕ್ತ. ತೊಂದರೆಯೆಂದರೆ ಮಡಲು, ಬಳ್ಳಿ ಬಿದ್ದಾಗ ಶಾರ್ಟ್ ಆಗುವುದು ಹೆಚ್ಚು, ಆದ್ದರಿಂದ ಸಾಲುಗಳ ನಡುವೆ 10 ಸೆಂಟಿಮೀಟರ್ ಅಂತರ ಉಳಿಯುವಷ್ಟು ಬಿಗಿ ಇರಬೇಕು.

ಬೇಲಿಯ ಅರ್ಥನ್ನು ಮನೆಯ ಮೆಸ್ಕಾಂ ಮೀಟರಿನ ಅರ್ಥ್ ಗುಂಡಿಗೆ ಸೇರಿಸಬೇಡಿ. ಶಾಕ್ ಬೇಲಿಯ ಮೆಷಿನ್‌ಗಳಿಗೆಂದೇ ಇರುವ ಐಇಸಿ 60335-2-76 ಮಾನಕದ ಪ್ರಕಾರ ಭದ್ರತಾ ಬೇಲಿಯ ಅರ್ಥ್ ಬೇರೆ ಅರ್ಥಿಂಗಿನಿಂದ ಕನಿಷ್ಠ 2 ಮೀಟರ್ ದೂರವಿರಬೇಕು. ಜಾಗವಿದ್ದರೆ 10 ಮೀಟರ್ ಬಿಡಿ. ಇಲ್ಲದಿದ್ದರೆ ಬೇಲಿಯ ಪಲ್ಸ್ ನಲ್ಲಿಯಲ್ಲಿ, ಫ್ರಿಡ್ಜಿನ ಬಾಗಿಲಲ್ಲಿ ಚುರ್ ಎನ್ನಬಹುದು.

ಮೆಷಿನ್ ಮತ್ತು ಬ್ಯಾಟರಿ

ಅದೇ ಮಾನಕ ಪಲ್ಸಿನ ಶಕ್ತಿಗೆ 5 ಜೂಲ್ ಮಿತಿ ಹಾಕಿದೆ, ಎರಡು ಪಲ್ಸಿನ ನಡುವೆ ಒಂದು ಸೆಕೆಂಡಿಗಿಂತ ಕಡಿಮೆ ಅಂತರ ಇರಬಾರದು. 300ರಿಂದ 600 ಮೀಟರ್ ತಂತಿಯ ಮನೆಬೇಲಿಗೆ 1ರಿಂದ 2 ಜೂಲ್ ಧಾರಾಳ. ದೊಡ್ಡ ಮೆಷಿನ್ ಬೇಕಾಗುವುದು ಹುಲ್ಲು ತಾಗುವ ತೋಟಕ್ಕೆ. ಔಟ್‌ಪುಟ್ ಕಡಿಮೆ ಮಾಡುವ ಸೌಲಭ್ಯ ಇರುವ ಮೆಷಿನ್ ಸಿಕ್ಕಿದರೆ ಅದನ್ನೇ ಕೊಳ್ಳಿ. ಉಪ್ಪುಗಾಳಿಯ ಜಾಗದಲ್ಲಿ 9ರ ಬದಲು 6.5 ಕಿಲೋವೋಲ್ಟ್ ಇಟ್ಟರೆ ಇನ್ಸುಲೇಟರುಗಳ ಆಯುಷ್ಯ ಹೆಚ್ಚುತ್ತದೆ, ಸುಳ್ಳು ಅಲಾರಂ ಇಳಿಯುತ್ತದೆ, ಶಾಕ್ ಮಾತ್ರ ಸಾಕಷ್ಟೇ ಇರುತ್ತದೆ.

ಸೋಲಾರ್ ಕೇಳುವವರು ಲೆಕ್ಕ ನೋಡಿ. 4 ವ್ಯಾಟ್ ಎಳೆಯುವ ಮೆಷಿನಿಗೆ ದಿನಕ್ಕೆ 96 ವ್ಯಾಟ್ ಅವರ್ ಬೇಕು. ಜನವರಿಯಲ್ಲಿ 40 ವ್ಯಾಟ್ ಪ್ಯಾನೆಲ್ ಇದನ್ನು ಸುಲಭವಾಗಿ ಕೊಡುತ್ತದೆ. ಮೋಡ ಕವಿದ ಜುಲೈಯಲ್ಲಿ ಅದರ ಎರಡು ಪಟ್ಟು ಹಾಕಿದರೂ ಬ್ಯಾಟರಿ ಬಸವಳಿಯುತ್ತದೆ. ಲೈನ್ ಇರುವ ಮನೆಗೆ ಸೋಲಾರ್ ಅನಗತ್ಯ, ಲೈನ್ ಎಳೆಯಲಾಗದ ತೋಟದ ಮನೆಗೆ ಅನಿವಾರ್ಯ, ಅಷ್ಟೇ ವ್ಯತ್ಯಾಸ.

ಒಳಗಿನ 12 ವೋಲ್ಟ್ 7 ಆಂಪಿಯರ್ ಅವರ್ ಸೀಲ್ಡ್ ಬ್ಯಾಟರಿ 0.4 ಆಂಪಿಯರ್ ಎಳೆತಕ್ಕೆ ಹೊಸದಿದ್ದಾಗ 14–16 ಗಂಟೆ ಬರುತ್ತದೆ. ಮರ ಬಿದ್ದು ಎರಡು ದಿನ ಕರೆಂಟ್ ಹೋದರೆ ಸಾಲದು. ದೊಡ್ಡ ಬ್ಯಾಟರಿ ಸಿಕ್ಕಿಸಬೇಡಿ, ಒಳಗಿನ ಚಾರ್ಜರ್ ಅದಕ್ಕೆ ಮಾಡಿದ್ದಲ್ಲ. ಮನೆಯಲ್ಲಿ ಇನ್‌ವರ್ಟರ್ ಇದ್ದರೆ ಮೆಷಿನನ್ನು ಅದರ ಲೈನಿಗೆ ಹಾಕುವುದೇ ಅಗ್ಗ, ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು ಹೊರೆ. ಸೀಲ್ಡ್ ಬದಲು ಲಿಥಿಯಂ ಹಾಕುವ ಆಸೆಯಿದ್ದರೆ ಚಾರ್ಜರಿನ ವೋಲ್ಟೇಜ್ ಹೊಂದುತ್ತದೆಯೇ ಎಂದು ಮೆಷಿನ್ ತಯಾರಕರಿಂದ ಖಚಿತ ಮಾಡಿಕೊಂಡೇ ಹಾಕಿ. ಆರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು ಒಂದು ಗಂಟೆ ಬ್ಯಾಟರಿಯಲ್ಲೇ ಓಡಿಸಿ. 12 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿ ಬದಲಿಸಿ. ಬಿಸಿಲು ಬೀಳುವ ತಗಡಿನ ಪೆಟ್ಟಿಗೆಯಲ್ಲಿಟ್ಟರೆ ಬೇಗ ಸಾಯುತ್ತದೆ: 25 ಡಿಗ್ರಿಯ ಮೇಲೆ ಸುಮಾರು 10 ಡಿಗ್ರಿ ಏರಿದರೆ ಆಯುಷ್ಯ ಅರ್ಧ.

ಮೆಷಿನ್ ಪೆಟ್ಟಿಗೆಯ ಕೇಬಲ್ ತೂತುಗಳನ್ನು ಗ್ಲ್ಯಾಂಡ್ ಹಾಕಿ ಮುಚ್ಚಿ. ಇರುವೆ ಗೂಡು ಕಟ್ಟಿ, ಹಲ್ಲಿ ಬೆಚ್ಚಗೆ ಮಲಗಿ ಶಾರ್ಟ್ ಆಗುವುದು ಸಾಮಾನ್ಯ. ಒಳಗಿನ ಬೋರ್ಡನ್ನು ಮಾತ್ರ ನೀವೇ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರಿನಲ್ಲಿ ನೂರಾರು ವೋಲ್ಟ್ ನಿಂತಿರುತ್ತದೆ.

ಸಿಡಿಲು

ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ಸಂಜೆಗಳೇ ಅಪಾಯದ ಹೊತ್ತು. ಪ್ಲಗ್ ಕಿತ್ತರೆ ಮೆಷಿನ್ ಉಳಿಯಿತು ಎಂದುಕೊಳ್ಳಬೇಡಿ, ಸಿಡಿಲಿನ ಏಟು ಹೆಚ್ಚಾಗಿ ಬೇಲಿಯ ಕಡೆಯಿಂದ ಬರುತ್ತದೆ. ಎರಡು ಆಯ್ಕೆ: ಅರೆಸ್ಟರ್ ಮತ್ತು ಚೋಕ್ (ಏಟು ಮೆಷಿನ್‌ನತ್ತ ಹೋಗದಂತೆ ತಡೆಯುವ ತಂತಿಯ ಸುರುಳಿ), ಅಥವಾ ಕೈಯಿಂದ ತೆಗೆಯುವ ಕಟ್‌ಔಟ್ ಸ್ವಿಚ್. ಮನೆಯಲ್ಲಿ ಸದಾ ಯಾರಾದರೂ ಇದ್ದರೆ ಕಟ್‌ಔಟ್ ಸ್ವಿಚ್ಚೇ ಭದ್ರ. ಗುಡುಗು ಶುರುವಾಗುವ ಮೊದಲೇ ಬೇಲಿಯ ಎರಡೂ ತಂತಿಗಳನ್ನು ಬೇರ್ಪಡಿಸಿ, ಪ್ಲಗ್ಗೂ ಕೀಳಿ. ಮನೆಮಂದಿ ಮುಂಬೈಯಲ್ಲಿ, ಕೊಲ್ಲಿಯಲ್ಲಿ ಇದ್ದು ಬೀಗ ಹಾಕಿದ ಮನೆಯಾದರೆ ಅರೆಸ್ಟರ್ ಬೇಕು, ಮೆಷಿನ್‌ಗಿಂತ ಮೊದಲು, ಹೊರಗಡೆ, ತನ್ನದೇ ಅರ್ಥ್ ಸಮೇತ. ನೇರ ಸಿಡಿಲಿಗೆ ಅದೂ ನಿಲ್ಲುವುದಿಲ್ಲ, ಹತ್ತಿರ ಬಿದ್ದದ್ದನ್ನು ತಡೆಯುತ್ತದೆ. ಗುಡುಗಿನ ಮರುದಿನ ವೋಲ್ಟೇಜ್ ಇಳಿದಿದ್ದರೆ ಮೊದಲು ಅರೆಸ್ಟರ್ ಬಿಚ್ಚಿ ನೋಡಿ. ಪೆಟ್ಟು ತಿಂದ ಅರೆಸ್ಟರ್ ತಾನೇ ಸೋರುತ್ತಿರುತ್ತದೆ. ಬಿಚ್ಚಿದೊಡನೆ ಅಂಕಿ ಏರಿದರೆ ಮೆಷಿನ್ ರಿಪೇರಿಗೆ ಕೊಡುವ ಖರ್ಚು ಉಳಿಯಿತು.

ಸ್ವಂತ ನಿರ್ವಹಣೆಯೋ, ಎಎಂಸಿಯೋ

ಮೀಟರ್ ಹಿಡಿಯುವ, ಬಳ್ಳಿ ಕಡಿಯುವ ಒಬ್ಬರು ಮನೆಯಲ್ಲಿದ್ದರೆ ಎಎಂಸಿ (ವಾರ್ಷಿಕ ನಿರ್ವಹಣೆಯ ಒಪ್ಪಂದ) ಬೇಡ. ವಾರಕ್ಕೊಮ್ಮೆ ಹೋಗುವ, ಮರಳುವ ವೋಲ್ಟೇಜನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಇಳಿತ ತಾನೇ ಕಾಣುತ್ತದೆ. ಅಲಾರಂ ಮಿತಿಯನ್ನು ಒಣ ದಿನದ ಅಂಕಿ ನೋಡಿ ಇಡಬೇಡಿ. ಒಣಗಿದ್ದಾಗ ಮರಳುವುದು 7 ಇದ್ದು ಜೋರು ಮಳೆಯಲ್ಲಿ 5ಕ್ಕೆ ಇಳಿಯುವುದಾದರೆ ಮಿತಿ 3.5ರ ಆಸುಪಾಸು ಇರಲಿ. 6ಕ್ಕೆ ಇಟ್ಟರೆ ಮಳೆಗೆಲ್ಲ ಕೂಗಿ ಕೂಗಿ ಕೊನೆಗೆ ಯಾರೋ ಹೂಟರಿನ ವೈರನ್ನೇ ಕಿತ್ತಿಡುತ್ತಾರೆ.

ಬೀಗ ಹಾಕಿದ ಮನೆಗೆ ಎಎಂಸಿ ಬೇಕು. ‘ವರ್ಷಕ್ಕೆ ಇಷ್ಟು ವಿಸಿಟ್’ ಎಂದಷ್ಟೇ ಇರುವ ಕಾಗದಕ್ಕೆ ಸಹಿ ಹಾಕಬೇಡಿ. ಒಂದು ವಿಸಿಟ್ ಪತ್ತನಾಜೆಯ (ಮೇ ಕೊನೆಯ ವಾರ) ಮೊದಲು, ಇನ್ನೊಂದು ಮಳೆ ನಿಂತ ಮೇಲೆ ಎಂದು ತಿಂಗಳು ಬರೆಸಿ. ಪ್ರತಿ ವಿಸಿಟಿನ ನಾಲ್ಕು ಅಂಕಿ ಕೊಡಲಿ: ಮೆಷಿನ್ ಒಂದೇ ಇದ್ದಾಗ, ಬೇಲಿಗೆ ಹೋಗುವಾಗ, ಮರಳುವಾಗ, ಅರ್ಥ್ ಪರೀಕ್ಷೆಯಲ್ಲಿ. ಕ್ಲಾಂಪ್, ಇನ್ಸುಲೇಟರ್ ಯಾರ ಖರ್ಚು, ಸಿಡಿಲಿಗೆ ಹೋದರೆ ಯಾರ ಖರ್ಚು ಎಂಬುದೂ ಬರಹದಲ್ಲಿರಲಿ.

ಕಾನೂನು ಮತ್ತು ನೆರೆಮನೆ

ಮೆಷಿನ್ ಕೆಟ್ಟಿತೆಂದು ಒಂದು ರಾತ್ರಿಯ ಮಟ್ಟಿಗೂ 230 ವೋಲ್ಟ್ ಲೈನನ್ನು ನೇರ ತಂತಿಗೆ ಕೊಡಬಾರದು. ಅದು ಕೊಲ್ಲುತ್ತದೆ, ಯಾರಾದರೂ ಸತ್ತರೆ ಕ್ರಿಮಿನಲ್ ಕೇಸ್ ಬೀಳುತ್ತದೆ. ಮುಳ್ಳುತಂತಿಗೂ ಪಲ್ಸ್ ಕೊಡುವಂತಿಲ್ಲ, ಸಿಕ್ಕಿಕೊಂಡವರು ಬಿಡಿಸಿಕೊಳ್ಳಲಾರರು. ಹಳದಿ ಹಲಗೆಯ ಎಚ್ಚರಿಕೆ ಫಲಕ ಗೇಟಿನಲ್ಲಿ ಮತ್ತು ಬೇಲಿಯುದ್ದಕ್ಕೂ 10 ಮೀಟರ್ ಮೀರದಂತೆ ಇರಬೇಕು. ಬಿಸಿಲಿಗೆ ಬಣ್ಣ ಹೋದ ಫಲಕ ಇದ್ದೂ ಇಲ್ಲದ ಹಾಗೆ. ಮನೆಗೆ ಬರುವ ಮೆಸ್ಕಾಂ ಸರ್ವಿಸ್ ಲೈನಿನಿಂದ ಬೇಲಿಗೆ 3 ಮೀಟರ್ ಅಂತರ ಬಿಡಿ, ಲೈನ್ ಕಡಿದು ಬಿದ್ದರೂ ಬೇಲಿಯ ಮೇಲೆ ಬೀಳದ ಹಾಗೆ.

ನೆರೆಯವರೂ ಬೇಲಿ ಹಾಕಿಸಿದ್ದರೆ ಎರಡು ಮೆಷಿನಿನ ತಂತಿಗಳ ನಡುವೆ ಕನಿಷ್ಠ 2.5 ಮೀಟರ್ ಬೇಕು. ಎರಡನ್ನೂ ಒಟ್ಟಿಗೆ ಮುಟ್ಟಿದವರಿಗೆ ಪಲ್ಸುಗಳು ಒಂದರ ಬೆನ್ನಿಗೊಂದು ಬೀಳುತ್ತವೆ, ಒಂದು ಸೆಕೆಂಡ್ ಬಿಡುವಿನ ರಕ್ಷಣೆ ಹೋಗುತ್ತದೆ. ಸೈಟು ಚಿಕ್ಕದಾಗಿ ಅಷ್ಟು ಅಂತರ ಸಿಗದಿದ್ದರೆ ಪಾಲುಗೋಡೆಯ ಮೇಲೆ ಒಬ್ಬರದ್ದೇ ಬೇಲಿ ಇರಲಿ, ಅದರ ಮೆಷಿನ್ ಯಾರ ಮನೆಯಲ್ಲಿ, ದುರಸ್ತಿಯ ಖರ್ಚು ಯಾರದ್ದು ಎಂಬುದನ್ನು ತಂತಿ ಎಳೆಯುವ ಮೊದಲೇ ಮಾತಾಡಿಕೊಳ್ಳಿ.